ಮೇಜಿನ ಮೂಲೆಯಲ್ಲಿ ಇಲ್ಲದ ಕಲ್ಲು

೨೨ ಜುಲೈ

ನನ್ನ ಕಲ್ಲು ಮೇಷ್ಟ್ರಿಗೆ,

ರೀ, ನಾನು ಬಂದು ತಲುಪಿದೆ. ಸೂಟ್‌ಕೇಸೂ ತಲುಪಿತು. ಮನಸ್ಸೊಂದು ಮಾತ್ರ ನಿಮ್ಮ ಅಡುಗೆಮನೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಅಲ್ಲೇ ಕೂತಿದೆ. ಗದರಿಸಿ ಇಳಿಸಬೇಡಿ.

ಫೋನ್ ಇರುವಾಗ ಪತ್ರ ಯಾಕೆ ಎಂದು ನನ್ನ ರೂಮಿನ ಜೊತೆಗಾತಿ ಕೇಳಿದಳು. ಇಲ್ಲಿನ ಲೈಬ್ರರಿ ನೋಡಿಕೊಳ್ಳುವವಳು, ನನಗಿಂತ ದೊಡ್ಡವಳು, ಮದುವೆ ಎಂದರೆ ಮೂಗು ಮುರಿಯುವವಳು. "ನಮ್ಮನೆಯವರು ಫೋನಲ್ಲಿ ಮೂರೇ ಮಾತಾಡ್ತಾರೆ. ಹ್ಞೂಂ, ಸರಿ, ಊಟ ಆಯ್ತಾ. ಕಾಗದದಲ್ಲಾದ್ರೆ ನಾಲ್ಕು ಸಾಲಾದ್ರೂ ಬರುತ್ತೆ" ಎಂದೆ. "ನಾಲ್ಕು ಸಾಲಿಗೆ ಇಷ್ಟು ಕುಣೀತೀಯಲ್ಲ" ಎಂದಳು. ಕುಣಿಯುತ್ತೇನೆ! ಮದುವೆಯಾಗಿ ಇನ್ನೂ ಸೀರೆಯ ಮಡಿಕೆ ಬಿಚ್ಚಿಲ್ಲ, ಈಗ ಕುಣಿಯದೆ ಇನ್ಯಾವಾಗ? ಒಂದು ಮಾತು, ನನ್ನ ಕಾಗುಣಿತ ನೋಡಿ ನಗಬಾರದು. ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಮನೆಮಾತು ಆಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೆ ಗಂಡನಿಗೆ ಇಂಗ್ಲಿಷಿನಲ್ಲಿ ಬರೆದರೆ ಅದೇಕೋ ರಜೆ ಅರ್ಜಿಯ ಹಾಗೆ ಕಾಣುತ್ತದೆ.

ನಮ್ಮ ಕ್ಲಾಸ್‌ರೂಮಿನ ವೈಭವ ಕೇಳಿ. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಒಂದೊಂದು ಕಂಪ್ಯೂಟರ್, ಎಲ್ಲಕ್ಕೂ ಒಂದೇ ನೆಟ್‌ವರ್ಕ್. ಚಾವಣಿಯಲ್ಲಿ ಪ್ರೊಜೆಕ್ಟರ್, ನಾಲ್ಕು ಮೂಲೆಗೂ ಸ್ಪೀಕರ್. ನೀವು ಅಲ್ಲಿ ಮುಖ್ಯ ಕ್ಯಾಂಪಸ್ಸಿನಲ್ಲಿ ಮಾಡುವ ಭೂವಿಜ್ಞಾನದ ಪಾಠ ಅದೇ ಹೊತ್ತಿಗೆ ಇಲ್ಲಿನ ಗೋಡೆಯ ಮೇಲೆ ಬೀಳುತ್ತದಂತೆ. ನಾನು ಹಾಜರಿ ಹಾಕಿ, ದೀಪ ಆರಿಸಿ, ಕೊನೆಯಲ್ಲಿ ಮಕ್ಕಳಿಗೆ ತಿಳಿಯದ್ದನ್ನು ಬಿಡಿಸಿ ಹೇಳಬೇಕು. ಅಂದರೆ, ವಾರಕ್ಕೊಮ್ಮೆ ಗಂಡನನ್ನು ನೋಡು ಎಂದು ವಿಶ್ವವಿದ್ಯಾಲಯವೇ ಸಂಬಳ ಕೊಟ್ಟು ಕೂರಿಸಿದೆ! ಮಹಡಿಯ ಮೇಲೆ ಕಂಟ್ರೋಲ್ ರೂಮ್. ಅಲ್ಲಿರುವ ಮುಖ್ಯಸ್ಥರು ಏನು ಕೇಳಿದರೂ "ಆಲ್ ಓಕೆ, ಆಲ್ ಓಕೆ" ಎನ್ನುತ್ತಾರೆ. ಮಕ್ಕಳು ಅವರಿಗೆ ಇಟ್ಟ ಹೆಸರೇ ಆಲ್ ಓಕೆ ಸರ್.

ಈಗ ನನ್ನ ಐಡಿಯಾ. ಹೊಳೆದಂಡೆಯಲ್ಲಿ ನಾವಿಬ್ಬರೂ ಹೆಕ್ಕಿದೆವಲ್ಲ, ಬಿಳಿ ಪಟ್ಟಿಯ ಕರಿಕಲ್ಲು? ಅದನ್ನು ಪ್ರತಿ ಪಾಠದಲ್ಲೂ ನಿಮ್ಮ ಮೇಜಿನ ಬಲಮೂಲೆಯಲ್ಲಿ ಇಡಿ. ಬೇರೆಯವರಿಗೆ ಅದು ಕಲ್ಲು. ನನಗೆ ಮಾತ್ರ "ನಿನ್ನ ನೆನಪಿದೆ" ಎಂಬ ಮಾತು. ಇಡುತ್ತೀರಲ್ಲ?

ವರ್ಗಾವಣೆಯ ಅರ್ಜಿಯನ್ನು ಬರೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅಕ್ಟೋಬರ್ ಮುಗಿಯುವುದರೊಳಗೆ ಕೊಟ್ಟರೆ ಮುಂದಿನ ಟರ್ಮಿಗೆ ನಾನು ನಿಮ್ಮ ಕ್ಯಾಂಪಸ್ಸಿಗೇ. ಕೊಡದಿದ್ದರೆ ಇನ್ನು ಮೂರು ವರ್ಷ ಇಲ್ಲೇ ಕೂಡಬೇಕು. ಕೊಡದೆ ಇರುತ್ತೇನೆಯೇ, ಹೇಳಿ!

ನಿಮ್ಮ,
ಗಿಲಕಿ

(ನೋಡಲು ಬಂದ ದಿನವೇ ನನಗೆ ಈ ಹೆಸರಿಟ್ಟಿರಿ. ಆ ದಿನ ನಾನು ಭಯಕ್ಕೆ ಒಂದು ಸಲವೂ ನಕ್ಕಿರಲಿಲ್ಲ, ಹೇಗೆ ಗೊತ್ತಾಯಿತೋ. ಇರಲಿ, ನನ್ನಲ್ಲೂ ಒಂದು ಗುಟ್ಟಿದೆ. ನೀವು ನನ್ನನ್ನು ನೋಡುವ ಮೊದಲೇ ನಾನು ನಿಮ್ಮನ್ನು ನೋಡಿದ್ದೆ. ಎಲ್ಲಿ ಎಂದು ಈಗ ಹೇಳುವುದಿಲ್ಲ.)


೩೦ ಜುಲೈ

ಗಿಲಕಿಗೆ,

ಪತ್ರ ತಲುಪಿತು. ಕಲ್ಲು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಮಂಗಳವಾರ ಮೊದಲ ಪಾಠ.

ನಿಮ್ಮ ತರಗತಿ ನನಗೆ ಕಾಣುವುದಿಲ್ಲ. ಕಾಣಬೇಕಾದ ಮಾನಿಟರಿನಲ್ಲಿ ಬರೀ ನೀಲಿ ಬಣ್ಣ. ಕೇಳಿದರೆ "ಅಲ್ಲಿಂದ ಆಲ್ ಓಕೆ ಅಂತ ರಿಪೋರ್ಟ್ ಬಂದಿದೆ ಸರ್, ನಿಮ್ಮ ಪಾಠ ನೀವು ಮಾಡಿ" ಎಂದರು. ನೀಲಿಗೇ ಪಾಠ ಮಾಡುತ್ತೇನೆ.

ನನ್ನ ಕಂದು ಸ್ವೆಟರ್ ಎಲ್ಲೂ ಸಿಗುತ್ತಿಲ್ಲ. ನೋಡಿದ್ದೀಯಾ?

ಊಟ ಸರಿಯಾಗಿ ಮಾಡು.

ನಿನ್ನವ


೬ ಆಗಸ್ಟ್

ನನ್ನ ಗೋಡೆಯಷ್ಟು ದೊಡ್ಡ ಗಂಡನಿಗೆ,

ನೋಡಿದೆ! ನೋಡಿದೆ! ನಿಮ್ಮ ಮೂಗೇ ನನ್ನ ತಲೆಯಷ್ಟಿತ್ತು! ದೀಪ ಆರಿಸಿದ ಕೂಡಲೇ ನೀವು ಗಂಟಲು ಸರಿಮಾಡಿಕೊಂಡು "ಸರಿ, ಶುರು ಮಾಡೋಣ" ಎಂದಿರಿ. ನಾಲ್ಕು ಮೂಲೆಯಿಂದಲೂ ನಿಮ್ಮ ಧ್ವನಿ ಬಂದು ನನ್ನನ್ನು ತಬ್ಬಿಕೊಂಡ ಹಾಗಾಯಿತು. ಹಾಜರಿ ಪುಸ್ತಕ ಕೈಜಾರಿ ಬಿತ್ತು.

ಪಾಠ ಮುಗಿದ ಮೇಲೆ ಒಬ್ಬ ಕೇಳಿದ, "ಮೇಡಂ, ಸರ್ ನಿಮ್ಮ ಮನೆಯವರಂತೆ, ಹೌದಾ?" ನಾಚಿಕೊಂಡು ಹೌದೆಂದೆ. "ಹಾಗಾದ್ರೆ ಪ್ರಶ್ನೆಪತ್ರಿಕೆ ಸಿಗುತ್ತಾ ಮೇಡಂ?" ಎಂದ. ಗಂಡನ ಪ್ರೀತಿಗೂ ಲೆಕ್ಕ ಹಾಕುವ ಮಕ್ಕಳು!

ಆದರೆ ರೀ, ಮೇಜಿನ ಬಲಮೂಲೆ ಖಾಲಿ ಇತ್ತು. ಎಡಮೂಲೆಯನ್ನೂ ನೋಡಿದೆ. ಚಾಕ್‌ಪೀಸ್ ಡಬ್ಬಿ, ಒಂದು ಲೋಟ, ಡಸ್ಟರ್. ನಮ್ಮ ಕಲ್ಲು ಇರಲಿಲ್ಲ. ಮರೆತಿರಾ? ಮೊದಲ ದಿನದ ಗಡಿಬಿಡಿ ಇರಬೇಕು, ಬಿಡಿ. ನಾನು ಬೇಜಾರು ಮಾಡಿಕೊಂಡಿಲ್ಲ. ಸ್ವಲ್ಪ ಮಾಡಿಕೊಂಡೆ.

ಇನ್ನೊಂದು. ನೀವು ಬೋರ್ಡಿನ ಮೇಲೆ ಕೈಯಿಟ್ಟಾಗ ಬೆರಳುಗಳು ಒಂದೊಂದೂ ಸೌತೆಕಾಯಿಯಷ್ಟು ದಪ್ಪ ಕಂಡವು. ಉಂಗುರದ ಬೆರಳೂ ಕಂಡಿತು. ಉಂಗುರ ಕಾಣಲಿಲ್ಲ. ಯಾಕೆ?

ನಿಮ್ಮ,
ಗಿಲಕಿ


೧೪ ಆಗಸ್ಟ್

ಗಿಲಕಿಗೆ,

ಕಲ್ಲು ಇಟ್ಟಿದ್ದೆ. ಬಲಮೂಲೆಯಲ್ಲೇ. ಈ ವಾರವೂ ಇಟ್ಟೆ. ಅಲ್ಲಿನ ಬೆಳಕು ಸಾಲದೆಂದು ಕಾಣುತ್ತದೆ.

ಉಂಗುರದ ವಿಷಯ. ನಮ್ಮ ಪ್ರಯೋಗಾಲಯದಲ್ಲಿ ಸುಣ್ಣಕಲ್ಲನ್ನು ಪರೀಕ್ಷಿಸಲು ಅದರ ಮೇಲೆ ಆಸಿಡ್ ಹನಿ ಹಾಕುತ್ತೇವೆ ಎಂದು ನಿನಗೆ ಗೊತ್ತೇ ಇದೆ, ನೀನೂ ಕಲ್ಲು ಓದಿದವಳು. ತೆಳು ಆಸಿಡ್ಡೇ ಆದರೂ ಉಂಗುರದ ಕೆತ್ತನೆಯ ಸಂದಿಯಲ್ಲಿ ಹನಿ ನಿಂತರೆ ಚರ್ಮಕ್ಕೆ ಒಳ್ಳೆಯದಲ್ಲ. ಜೊತೆಗೆ ಚಾಕ್‌ಪೀಸಿನ ಪುಡಿ ಸೇರಿ ಹೊಳಪು ಮಂಕಾಗುತ್ತದೆ. ಬೋರ್ಡಿಗೆ ತಾಗಿ ಗೀರು ಬೀಳುವ ಸಂಭವವೂ ಇದೆ. ಹಿರಿಯ ಪ್ರಾಧ್ಯಾಪಕರೊಬ್ಬರು ಸಹ ಪಾಠಕ್ಕೆ ಮೊದಲು ಉಂಗುರ ತೆಗೆದಿಡುತ್ತಾರೆ. ಇದು ನಮ್ಮ ವಿಭಾಗದಲ್ಲಿ ಮೊದಲಿನಿಂದಲೂ ಇರುವ ರೂಢಿ. ಆದ್ದರಿಂದ ನಾನು ಸಹ ತೆಗೆದಿಡುತ್ತಿದ್ದೇನೆ. ಬೇರೆ ಏನೂ ಇಲ್ಲ.

ಸ್ವೆಟರಿನ ವಿಷಯ ನೀನು ಬರೆಯಲಿಲ್ಲ.

ನಿನ್ನವ


೨೭ ಆಗಸ್ಟ್

ಮೇಷ್ಟ್ರಿಗೆ,

ನಿಮ್ಮ ಹಿಂದಿನ ಪತ್ರವನ್ನು ಲೈಬ್ರರಿಯವಳಿಗೆ ತೋರಿಸಿದೆ. ಓದಿ ಕನ್ನಡಕ ತೆಗೆದಳು. "ಹೆಂಡತಿಗೆ ನಾಲ್ಕು ಸಾಲು ಬರೆಯೋನು ಉಂಗುರಕ್ಕೆ ಅರ್ಧ ಪುಟ ಬರ್ದಿದಾನೆ. ನಂಗೇನೂ ಅನ್ಸಲ್ಲಪ್ಪ, ನಿಂಗೆ ಏನಾದ್ರೂ ಅನ್ಸುತ್ತಾ ನೋಡ್ಕೋ" ಎಂದಳು. ಏನೂ ಅನಿಸಲಿಲ್ಲ ಎಂದೆ. ಅನಿಸಿತು.

ಈ ವಾರವೂ ಬಲಮೂಲೆ ಖಾಲಿ. ಬೆಳಕು ಸಾಲದು ಎಂದಿರಿ. ಲೋಟದ ಅಂಚಿನ ಬಿರುಕು ಕಾಣುವಷ್ಟು ಬೆಳಕಿದೆ, ಮುಷ್ಟಿಯಷ್ಟು ದೊಡ್ಡ ಕಲ್ಲು ಕಾಣುವುದಿಲ್ಲವೇ? ಇಡದಿದ್ದರೆ ಇಟ್ಟಿಲ್ಲ ಎನ್ನಿ. ಇಟ್ಟೆ ಇಟ್ಟೆ ಎಂದು ಯಾಕೆ ಬರೆಯುತ್ತೀರಿ?

ಅದೂ ಹೋಗಲಿ. ಮುಂದಿನ ಸಾಲಿನಲ್ಲಿ ಕೂರುವ ಆ ಹುಡುಗಿ ಯಾರು?

ಗೊತ್ತಿಲ್ಲದ ಹಾಗೆ ಮಾಡಬೇಡಿ. ಕ್ಯಾಮೆರಾ ನಿಮ್ಮ ಮುಖದ ಮೇಲಿದ್ದರೂ ಮೈಕು ಎಲ್ಲರ ಸದ್ದನ್ನೂ ಹಿಡಿಯುತ್ತದೆ. ನೀವು ಸುಣ್ಣಕಲ್ಲಿನ ಬಗ್ಗೆ ಹೇಳುತ್ತಿದ್ದಿರಿ, ನಗುವಂಥದ್ದು ಏನೂ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ಅವಳು ನಕ್ಕಳು. ಅಬ್ಬಾ, ಅದೇನು ನಗು! ತಗಡಿನ ಡಬ್ಬಿಗೆ ಕಾಳು ಹಾಕಿ ಅಲ್ಲಾಡಿಸಿದ ಹಾಗೆ. ಪಕ್ಕದಲ್ಲಿ ಒಬ್ಬಳು ಗೆಳತಿ ಬೇರೆ, "ಶ್ಶ್" ಎಂದಳು. ಗಂಡಸರ ಗಮನ ಸೆಳೆಯಲೆಂದೇ ನಗುವ ನಗು ಯಾವುದೆಂದು ಹೆಂಗಸರಿಗೆ ಗೊತ್ತಾಗುತ್ತದೆ. ಇಡೀ ಹೊತ್ತು ಗಂಟೆಯ ಹಾಗೆ ಮೊಳಗುತ್ತಿದ್ದ ನಿಮ್ಮ ಧ್ವನಿ ಆಗ ಮೆತ್ತಗಾಯಿತು. ಆ ಕಡೆ ತಿರುಗಿದಿರಿ. ಏನು ಹೇಳುತ್ತಿದ್ದಿರೋ ಮರೆತಿರಿ. ಆಮೇಲೆ ನೀವೊಂದು ನಗೆ ನಕ್ಕಿರಿ, ತುಟಿಯ ಒಂದೇ ಕಡೆಯಿಂದ. ಮದುವೆಯ ಫೋಟೋಗಳಲ್ಲಿ ಹುಡುಕಿದೆ. ಒಂದರಲ್ಲೂ ಆ ನಗೆ ಇಲ್ಲ.

ಗೋಡೆಯಷ್ಟು ದೊಡ್ಡದಾಗಿ ನೋಡಿದ್ದೇನೆ. ಕಣ್ಣಾರೆ ಕಂಡದ್ದನ್ನು ಪರಾಂಬರಿಸಿ ನೋಡಲು ಇನ್ನೇನು ಉಳಿದಿದೆ?

ಅರ್ಜಿ ಇನ್ನೂ ಡ್ರಾಯರಿನಲ್ಲೇ ಇದೆ. ಕೊಡುವ ಮೊದಲು ಈ ಮೂರಕ್ಕೂ ಉತ್ತರ ಬೇಕು. ಫೋನ್ ಮಾಡಬೇಡಿ, ಎತ್ತುವುದಿಲ್ಲ. ಫೋನಿನಲ್ಲಿ "ಹ್ಞೂಂ" ಎಂದು ತಪ್ಪಿಸಿಕೊಳ್ಳುತ್ತೀರಿ. ಬರೆಯಿರಿ.

ಇಂತಿ,
ನಿಮ್ಮ ಹೆಂಡತಿ


೫ ಸೆಪ್ಟೆಂಬರ್

ಗಿಲಕಿಗೆ,

ಫೋನ್ ಮಾಡಿದೆ. ನೀನು ಎತ್ತಲಿಲ್ಲ.

ನನ್ನ ತರಗತಿಯ ಮುಂದಿನ ಸಾಲಿನಲ್ಲಿ ಯಾವ ಹುಡುಗಿಯೂ ಇಲ್ಲ. ಮೂವರು ಹುಡುಗರಿದ್ದಾರೆ. ಇಬ್ಬರು ನಿದ್ದೆ ಮಾಡುತ್ತಾರೆ, ಮೂರನೆಯವನು ಅವರು ಯಾವಾಗ ಬೀಳುತ್ತಾರೆ ಎಂದು ಕಾಯುತ್ತಾನೆ. ಯಾರೂ ನಗಲಿಲ್ಲ. ನಾನೂ ನಗಲಿಲ್ಲ.

ಈಗ ನಾನೊಂದು ಕೇಳುತ್ತೇನೆ. ಆ ಮಂಗಳವಾರ ನನಗೆ ಗಂಟಲು ಕಟ್ಟಿತ್ತು. ಧ್ವನಿಯೇ ಹೊರಡಲಿಲ್ಲ. ಇಡೀ ಪಾಠವನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದೆ. ಒಂದು ಮಾತೂ ಆಡಲಿಲ್ಲ. ನೀನು, "ಗಂಟೆಯ ಹಾಗೆ ಮೊಳಗುತ್ತಿದ್ದ ಧ್ವನಿ" ಎಂದು ಬರೆದಿದ್ದೀಯ.

ಪಾಠದ ಕೊನೆಗೆ ನಿಮ್ಮ ಕೇಂದ್ರದಿಂದ ಪ್ರಶ್ನೆಗಳಿದ್ದರೆ ಕಳಿಸಿ ಎಂದು ಪ್ರತಿ ವಾರ ಹೇಳುತ್ತೇನೆ. ಒಂದೂ ಬಂದಿಲ್ಲ. ಆದರೆ ಪೂರ್ತಿ ಹಾಜರಿ ಎಂದು ವರದಿ ಬರುತ್ತಿದೆ.

ನೀನು ಆ ಹೊತ್ತಿನಲ್ಲಿ ನಿಜವಾಗಿಯೂ ತರಗತಿಯಲ್ಲಿ ಇರುತ್ತೀಯಾ? ಇಲ್ಲದಿದ್ದರೆ ಎಲ್ಲಿರುತ್ತೀಯ, ಮತ್ತು ಈ ಕಥೆಗಳನ್ನು ನಿನಗೆ ಯಾರು ಹೇಳುತ್ತಾರೆ?

ಕೇಳಬಾರದಿತ್ತೇನೋ. ಕೇಳಿದ್ದಾಯಿತು.


೧೦ ಸೆಪ್ಟೆಂಬರ್

ತರಗತಿಯಲ್ಲೇ ಇದ್ದೆ. ಕಿವಿಯೂ ಇದೆ, ಕಣ್ಣೂ ಇದೆ. ಗಂಟಲು ಕಟ್ಟಿತ್ತಂತೆ! ಕಳ್ಳನಿಗೊಂದು ಪಿಳ್ಳೆ ನೆವ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅವರಿಗೆ ಮೇಷ್ಟ್ರುಗಳ ಪರಿಚಯವಿದ್ದಂತಿದೆ.

ಡ್ರಾಯರಿಗೆ ಬೀಗ ಹಾಕಿದ್ದೇನೆ. ಅಕ್ಕ ಬರುತ್ತಿದ್ದಾಳೆ.


೧೯ ಸೆಪ್ಟೆಂಬರ್

ಗಿಲಕಿಗೆ,

ಆ ಬೀಗದ ಪತ್ರದ ನಂತರ ನಿನ್ನಿಂದ ಬೇರೆ ಪತ್ರವಿಲ್ಲ. ಆದರೂ ಈ ಮಂಗಳವಾರವೂ ಕಲ್ಲು ಇಟ್ಟೆ. ಒಬ್ಬ ವಿದ್ಯಾರ್ಥಿ ಬಂದು, "ಸರ್, ಪ್ರತಿ ವಾರ ಈ ಕಲ್ಲು ತರ್ತೀರಾ, ಆದ್ರೆ ಅದರ ಬಗ್ಗೆ ಏನೂ ಹೇಳಲ್ಲ, ಪರೀಕ್ಷೆಗೆ ಬರುತ್ತಾ?" ಎಂದು ಕೇಳಿದ. ನನಗೂ ಗೊತ್ತಿಲ್ಲ ಎಂದೆ.

ನಿನ್ನ ಅಕ್ಕನಿಗೆ ನಮಸ್ಕಾರ ಹೇಳು.


೩ ಅಕ್ಟೋಬರ್

ರೀ,

ಕೂತು ಓದಿ. ನಾನೂ ಕೂತು ಬರೆಯುತ್ತಿದ್ದೇನೆ. ಅಕ್ಕ ಮಂಚದ ಮೇಲೆ ಬಿದ್ದು ಇನ್ನೂ ನಗುತ್ತಿದ್ದಾಳೆ.

ಅಕ್ಕ ಬಂದದ್ದು ಯುದ್ಧಕ್ಕೆ. ಬಸ್ಸಿಳಿಯುತ್ತಲೇ, "ಎಲ್ಲೇ ಅವಳು? ನಗೋಕೆ ಹಲ್ಲೇ ಇರಬಾರ್ದು, ಹಂಗೆ ಮಾಡ್ತೀನಿ" ಎಂದಳು. ಅವಳು ಇಲ್ಲಿಲ್ಲ, ಅಲ್ಲಿದ್ದಾಳೆ, ಇಲ್ಲಿ ಬರೀ ಸದ್ದು ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. "ಆಯ್ತು, ಸದ್ದನ್ನೇ ನೋಡೋಣ" ಎಂದು ಮಂಗಳವಾರ ನನ್ನ ಜೊತೆ ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂತಳು.

ಆ ದಿನ ಬೆಳಗಿನಿಂದ ಚಳಿ. ಈಗ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಕಂದು ಸ್ವೆಟರ್ ಕಳೆದಿಲ್ಲ. ಹೊರಡುವ ದಿನ ನಾನೇ ಸೂಟ್‌ಕೇಸಿನ ತಳಕ್ಕೆ ತುರುಕಿ ತಂದೆ, ನಿಮ್ಮ ವಾಸನೆ ಇದೆ ಎಂದು. ಕೇಳಿದಾಗ ಹೇಳಿದರೆ ವಾಪಸು ಕಳಿಸು ಎನ್ನುತ್ತೀರಿ ಎಂದು ಸುಮ್ಮನಿದ್ದೆ. ನಿಮ್ಮ ಮೇಲೆ ಅಷ್ಟೆಲ್ಲ ಕೋಪ ಬಂದಾಗಲೂ ಅದನ್ನೇ ಹಾಕಿಕೊಳ್ಳುತ್ತಿದ್ದೆ. ಕೋಪ ಬೇರೆ, ಚಳಿ ಬೇರೆ.

ಹಾಜರಿ ಹಾಕಿದೆ, ದೀಪ ಆರಿಸಿದೆ, ನೀವು ಬಂದಿರಿ. ಕಂದು ಸ್ವೆಟರ್ ಹಾಕಿಕೊಂಡು ಬಂದಿರಿ!

ಮುಂದೆ ಕೂತ ಹುಡುಗ ಗೋಡೆ ನೋಡಿದ, ನನ್ನನ್ನು ನೋಡಿದ, ಮತ್ತೆ ಗೋಡೆ ನೋಡಿದ. "ಮೇಡಂ, ಜೋಡಿ ಹೊಲಿಸಿದ್ದಾ?" ಎಂದ. ತರಗತಿಯೆಲ್ಲ ನಕ್ಕಿತು. ನನಗೆ ಮೊದಲು ಬಂದ ಯೋಚನೆ ಏನೆಂದು ಮುಚ್ಚಿಡುವುದಿಲ್ಲ. ಕಳೆದುಹೋದದ್ದರಂಥದ್ದೇ ಇನ್ನೊಂದನ್ನು ಅವಳು ಹೆಣೆದು ಕೊಟ್ಟಿದ್ದಾಳೆ ಎಂದುಕೊಂಡೆ.

ಆಗ ನೀವು ಬರೆಯಲು ಕೈ ಎತ್ತಿದಿರಿ. ತೋಳಿನ ಅಂಚಿನಲ್ಲಿ ಒಂದು ತೂತು, ಅದರ ಪಕ್ಕದಲ್ಲಿ ಸಣ್ಣದೊಂದು. ಆಸಿಡ್ ಸಿಡಿದು ಆದದ್ದು. ನಾನು ನನ್ನ ತೋಳಿನ ಅಂಚು ಮುಟ್ಟಿಕೊಂಡೆ. ಒಂದು ತೂತು, ಪಕ್ಕದಲ್ಲಿ ಸಣ್ಣದೊಂದು. ಸ್ವೆಟರ್ ಎರಡಿರಬಹುದು. ಅದೇ ತೂತುಗಳು ಎರಡರಲ್ಲೂ ಇರುವುದು ಹೇಗೆ?

ಬೆರಳನ್ನು ಆ ತೂತಿನೊಳಗೆ ಸಿಕ್ಕಿಸಿಕೊಂಡೇ ಮಹಡಿ ಮೆಟ್ಟಿಲು ಹತ್ತಿದೆ. ಹಿಂದಿನಿಂದ ಅಕ್ಕ. ಕಂಟ್ರೋಲ್ ರೂಮಿನ ಬಾಗಿಲು ತೆಗೆದರೆ ಆಲ್ ಓಕೆ ಸರ್ ಕಂಪ್ಯೂಟರಿನ ಮುಂದೆ ಬಿಸ್ಕತ್ತು ತಿನ್ನುತ್ತಿದ್ದರು. ಪರದೆಯ ಮೇಲೆ ನೀವು. ನಿಮ್ಮ ಕೆಳಗೆ ಫೈಲಿನ ಹೆಸರು, ಅದರಲ್ಲಿ ಹೋದ ವರ್ಷದ ತಾರೀಖು.

"ಇದು ಲೈವ್ ಅಲ್ವಾ ಸರ್?" ಎಂದೆ.

"ಆಲ್ ಓಕೆ ಮೇಡಂ" ಎಂದರು, ಅಭ್ಯಾಸಬಲ.

"ಏನ್ರೀ ಓಕೆ?" ಎಂದು ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು.

ಬಿಸ್ಕತ್ತು ಕೆಳಗಿಟ್ಟರು. ಲೈನು ಬಂದದ್ದು ಉದ್ಘಾಟನೆಯ ದಿನ ಮಾತ್ರವಂತೆ. ಆಮೇಲೆ ಇಲಿ ಕೇಬಲ್ ಕಡಿಯಿತಂತೆ. ಅಷ್ಟರೊಳಗೆ ಎಲ್ಲ ಸರಿಯಿದೆ ಎಂದು ಮುಖ್ಯ ಕ್ಯಾಂಪಸ್ಸಿಗೆ ಬರೆದುಬಿಟ್ಟಿದ್ದರಂತೆ. ಸರಿಯಿರುವುದನ್ನು ರಿಪೇರಿ ಮಾಡಿ ಎಂದು ಯಾವ ಬಾಯಲ್ಲಿ ಕೇಳುವುದು? ಹೋದ ವರ್ಷ ನಿಮ್ಮ ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಸರ್ವರಿನಲ್ಲಿ ಇಟ್ಟಿದ್ದರಲ್ಲ, ಅದನ್ನೇ ವಾರಕ್ಕೊಂದರಂತೆ ಹಾಕುತ್ತಿದ್ದರು. ಮಕ್ಕಳು ಕಂಪ್ಯೂಟರಿನಲ್ಲಿ ಕಳಿಸಿದ ಪ್ರಶ್ನೆಗಳೆಲ್ಲ ಇವರ ಹತ್ತಿರವೇ ಬಿದ್ದಿವೆ.

"ಮಕ್ಕಳಿಗೆ ಮೋಸ ಅಲ್ವಾ ಸರ್?" ಎಂದೆ.

"ಹೋದ ವರ್ಷದ ಮೇಷ್ಟ್ರು ಆದ್ರೇನು, ಈ ವರ್ಷದ ಮೇಷ್ಟ್ರು ಆದ್ರೇನು ಮೇಡಂ? ಕೋಟಿ ವರ್ಷದಿಂದ ಅದೇ ಕಲ್ಲು. ಒಂದು ವರ್ಷದಲ್ಲಿ ಬದಲಾಗುತ್ತಾ?"

ಕಲ್ಲು ಬದಲಾಗುವುದಿಲ್ಲ ಸರ್, ಕಲ್ಲು ಇಡುವವನು ಬದಲಾಗಿದ್ದಾನೆ, ಅವನಿಗೆ ಮದುವೆಯಾಗಿದೆ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಅಕ್ಕ, "ಅದೆಲ್ಲ ಆಮೇಲೆ. ಆ ನಗೋಳದ್ದು ಹಾಕ್ಸು" ಎಂದಳು. ಸುಣ್ಣಕಲ್ಲಿನ ಪಾಠ ಹಾಕಿಸಿದೆ. ನಗು ಬಂತು, ಡಬ್ಬಿಯಲ್ಲಿ ಕಾಳು. ಹಿಂದೆಯೇ "ಶ್ಶ್".

ಅಕ್ಕ ಪರದೆಯ ಹತ್ತಿರ ಬಗ್ಗಿದಳು. "ಇನ್ನೊಂದ್ಸಲ ಹಾಕಿ" ಎಂದಳು. ಹಾಕಿದರು. ನನ್ನ ಕಡೆ ತಿರುಗಿದಳು.

"ನೀನು ಗಂಡನ ಜೊತೆ ಜಗಳ ಆಡಿದ್ದು ಈ ನಗು ಕೇಳ್ಕೊಂಡಾ?"

"ಹ್ಞೂಂ."

"ಅರ್ಜಿ ಕೊಡದೆ ಬೀಗ ಹಾಕಿದ್ದು?"

"ಹ್ಞೂಂ ಕಣೇ. ಯಾರು ಅಂತ ಗೊತ್ತಾಯ್ತಾ?"

"ಲೇ ಹುಚ್ಚಿ, ಇದು ನಿನ್ನ ನಗು. ಹುಟ್ಟಿದಾಗಿಂದ ಪಕ್ಕದಲ್ಲಿ ಮಲಗಿ ಕೇಳಿದೀನಿ, ನಂಗೆ ಗೊತ್ತಾಗಲ್ವಾ? ಆ ಶ್ಶ್ ಅಂದಿದ್ದು ನಾನು!"

ನಂಬಿ, ನನಗೆ ಗೊತ್ತಾಗಲೇ ಇಲ್ಲ. ನನ್ನ ನಗು ನನಗೆ ಒಳಗಿನಿಂದ ಕೇಳುತ್ತದೆ. ಅಲ್ಲಿ ಅದು ತುಂಬಾ ಮೆತ್ತಗೆ, ಇಂಪಾಗಿದೆ. ಹೊರಗಿನಿಂದ ಅದು ಹೀಗಿದೆ ಎಂದು ಇಷ್ಟು ವರ್ಷ ಯಾರೂ ಹೇಳಬಾರದೇ?

ಈಗ ಆ ಗುಟ್ಟು. ಮದುವೆಯ ಮಾತು ನಡೆಯುತ್ತಿದ್ದಾಗ, ನೀವು ನೋಡಲು ಬರುವ ಮೊದಲೇ ನಿಮ್ಮನ್ನು ನೋಡಿಬಿಡೋಣ ಎಂದು ಅಕ್ಕನೂ ನಾನೂ ನಿಮ್ಮ ತರಗತಿಗೆ ನುಗ್ಗಿದ್ದೆವು. ಹಿಂದೆ ಅಡಗಿ ಕೂರುವ ಆಸೆ. ಆದರೆ ಹಿಂದಿನ ಬೆಂಚುಗಳು ಎಲ್ಲ ಕಾಲೇಜಿನಲ್ಲೂ ಮೊದಲು ತುಂಬುತ್ತವೆ. ಖಾಲಿ ಇದ್ದದ್ದು ಮುಂದಿನ ಸಾಲು. ನೀವೇನು ಪಾಠ ಮಾಡಿದಿರೋ ದೇವರಾಣೆ ಒಂದಕ್ಷರ ಕೇಳಲಿಲ್ಲ, ನಿಮ್ಮನ್ನೇ ನೋಡುತ್ತಿದ್ದೆ. ಅಕ್ಕ ಕಿವಿಯಲ್ಲಿ, "ಮೇಷ್ಟ್ರ ಕಿವಿ ನೋಡೇ, ಬಾಗಿಲು ತೆಗೆದಿಟ್ಟ ಅಲಮಾರಿ ಥರ" ಎಂದಳು. ನಕ್ಕೆ. ಅಷ್ಟೇ.

ನಿಮ್ಮನ್ನು ಅನುಮಾನಿಸಿದ್ದಕ್ಕೆ ಮುಖ ಎತ್ತಲಾಗುತ್ತಿಲ್ಲ. ಬರೀ ನೀಲಿ ಪರದೆಗೆ ಕಲ್ಲು ತೋರಿಸುತ್ತಿದ್ದಿರಲ್ಲ, ಅದನ್ನು ನೆನೆದು ಅತ್ತೂ ಆಯಿತು. ಕ್ಷಮಿಸಿ, ಕ್ಷಮಿಸಿ, ಕ್ಷಮಿಸಿ.

ಆದರೆ ಅತ್ತು ಮುಗಿದ ಮೇಲೆ ತಲೆ ಓಡತೊಡಗಿತು. ಎರಡು ವಿಷಯ ಉಳಿದಿವೆ.

ಆ ದಿನ ಮುಂದಿನ ಸಾಲಿನಲ್ಲಿ ಕೂತವಳು ನಾನೆಂದು ನಿಮಗೆ ಗೊತ್ತಿರಲಿಲ್ಲ. ಹಾಗಿದ್ದರೆ ಯಾವಳೋ ಗುರುತಿಲ್ಲದ ಹುಡುಗಿ ನಕ್ಕಿದ್ದಕ್ಕೆ ನೀವು ತುಟಿಯ ಒಂದೇ ಕಡೆಯಿಂದ ನಕ್ಕದ್ದು ಯಾಕೆ?

ಎರಡನೆಯದು. ನಾನು ನೋಡಿದ್ದು ಹೋದ ವರ್ಷದ ಬೆರಳು. ಅದರಲ್ಲಿ ಉಂಗುರ ಇರಲು ಸಾಧ್ಯವೇ ಇರಲಿಲ್ಲ. ನಾನು ಸುಮ್ಮನೆ ಕತ್ತಲಲ್ಲಿ ಕಲ್ಲು ಎಸೆದೆ. ನೀವು "ಹಾಕಿಕೊಂಡೇ ಇದ್ದೆನಲ್ಲ" ಎನ್ನಬೇಕಿತ್ತು. ಆಸಿಡ್ಡು, ಚಾಕ್‌ಪೀಸ್ ಪುಡಿ, ಹಿರಿಯ ಪ್ರಾಧ್ಯಾಪಕರು, ವಿಭಾಗದ ರೂಢಿ ಎಂದು ಅರ್ಧ ಪುಟ ಬರೆದಿರಿ. ಉಂಗುರ ಎಲ್ಲಿದೆ ರೀ?

ಬೀಗದ ಕೈ ನನ್ನ ಹತ್ತಿರವೇ ಇದೆ.

ಗಿಲಕಿ


೧೧ ಅಕ್ಟೋಬರ್

ಗಿಲಕಿಗೆ,

ಉಂಗುರ ಹೊಳೆಯಲ್ಲಿದೆ.

ನೀನು ಹೊರಟ ಮರುವಾರ ವಿದ್ಯಾರ್ಥಿಗಳನ್ನು ಕಲ್ಲು ಸಂಗ್ರಹಿಸಲು ಕರೆದುಕೊಂಡು ಹೋಗಿದ್ದೆ. ನೀರಿನಲ್ಲಿ ಕಲ್ಲು ತೊಳೆಯುವಾಗ ಜಾರಿತು. ಸಡಿಲವಿತ್ತು. ಕೊಡಿಸುವಾಗಲೇ ನೀನು "ಸ್ವಲ್ಪ ದೊಡ್ಡದಾಯ್ತು, ದಪ್ಪ ಆಗ್ತೀರಿ ಬಿಡಿ" ಎಂದಿದ್ದೆ. ನಾನು ದಪ್ಪ ಆಗಲಿಲ್ಲ. ಮತ್ತೆ ಮತ್ತೆ ಹೋಗಿ ಹುಡುಕಿದೆ. ಮದುವೆಯಾದ ಹೊಸದರಲ್ಲೇ ಕಳೆದುಕೊಂಡೆ ಎಂದು ಬರೆಯಲು ಕೈ ಬರಲಿಲ್ಲ. ಅಷ್ಟರಲ್ಲಿ "ಉಂಗುರ ಕಾಣಲಿಲ್ಲ, ಯಾಕೆ" ಎಂದು ನಿನ್ನ ಪತ್ರ ಬಂತು. ಈ ಕ್ಯಾಮೆರಾ ಇಷ್ಟು ಸೂಕ್ಷ್ಮವೇ ಎಂದು ಬೆವರಿದೆ. ಆ ದಿನದಿಂದ ಪಾಠ ಮಾಡುವಾಗ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೇನೆ. ಆಸಿಡ್ಡಿನ ವಿಷಯ ಕಲ್ಲಿಗೆ ನಿಜ, ನನ್ನ ಮಟ್ಟಿಗೆ ಸುಳ್ಳು. ವಿಭಾಗದಲ್ಲಿ ಅಂಥ ರೂಢಿಯೂ ಇಲ್ಲ.

ನೀನು ತರಗತಿಯಲ್ಲಿ ಇರುತ್ತೀಯಾ ಎಂದು ಕೇಳಿದ್ದು ತಪ್ಪು. ನನ್ನಲ್ಲಿ ಒಂದು ಸುಳ್ಳು ಇದ್ದದ್ದರಿಂದ ನಿನ್ನಲ್ಲೂ ಒಂದು ಇರಬಹುದು ಎನಿಸಿತು.

ನಗೆಯ ವಿಷಯ. ಆ ವಾರ ನಿಮ್ಮ ಮನೆಯಿಂದ ನಿನ್ನ ಫೋಟೋ ಬಂದಿತ್ತು. ಮೇಜಿನ ಮೇಲಿನ ಪುಸ್ತಕದೊಳಗೇ ಇತ್ತು. ಬಾಗಿಲಲ್ಲಿ ನೀವಿಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಬಂದಾಗಲೇ ಗುರುತು ಸಿಕ್ಕಿತು. ಸಿಗದಿದ್ದರೂ ಸಿಗುತ್ತಿತ್ತು. ನಿನ್ನ ಅಕ್ಕ ನನ್ನ ಫೋಟೋವನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ನನ್ನ ಮುಖಕ್ಕೆ ಹೋಲಿಸಿ ನೋಡುತ್ತಿದ್ದರು. ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ನಿಮ್ಮಿಬ್ಬರಿಗೆ ಬಿಟ್ಟು. ನೀನು ನಕ್ಕ ಮೇಲೆ ಸುಣ್ಣಕಲ್ಲು ಹೇಗಾಗುತ್ತದೆ ಎಂಬುದೇ ನನಗೆ ಮರೆತುಹೋಯಿತು.

ಆಮೇಲೆ ನಿಮ್ಮ ಮನೆಗೆ ಬಂದಾಗ ನೀನು ಮೊದಲ ಸಲ ನೋಡುವವಳ ಹಾಗೆ ತಲೆ ಬಗ್ಗಿಸಿ ಕೂತಿದ್ದೆ. ಆ ಗುಟ್ಟು ನಿನಗೆ ಎಷ್ಟು ಖುಷಿ ಕೊಡುತ್ತಿದೆ ಎಂದು ಕಂಡು, ಕಸಿದುಕೊಳ್ಳಲು ಮನಸ್ಸಾಗಲಿಲ್ಲ. ಹೆಸರು ಮಾತ್ರ ಬಾಯಿತಪ್ಪಿ ಬಂತು.

ಸ್ವೆಟರ್ ನಿನ್ನ ಹತ್ತಿರವೇ ಇರಲಿ. ಇಲ್ಲಿಯೂ ಚಳಿಯೇ.

ನಿನ್ನವ


೨೩ ಅಕ್ಟೋಬರ್

ನನ್ನ ಅಲಮಾರಿ ಕಿವಿಯ ಮೇಷ್ಟ್ರಿಗೆ,

ಅರ್ಜಿ ಕೊಟ್ಟೆ! ಆಲ್ ಓಕೆ ಸರ್ ಸಹಿ ಹಾಕಿದ ವೇಗ ನೀವು ನೋಡಬೇಕಿತ್ತು. ಪೆನ್ನಿನ ಮುಚ್ಚಳ ಹುಡುಕುವಷ್ಟೂ ತಡೆಯಲಿಲ್ಲ. "ನಿಮ್ಮಂಥೋರು ಮುಖ್ಯ ಕ್ಯಾಂಪಸ್ಸಲ್ಲೇ ಇರ್ಬೇಕು ಮೇಡಂ" ಎಂದರು. ಮಕ್ಕಳಿಗೆ ಎಲ್ಲವನ್ನೂ ಹೇಳಿದೆ. ಬಿದ್ದಿದ್ದ ಪ್ರಶ್ನೆಗಳನ್ನೆಲ್ಲ ಒಟ್ಟುಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ, ಉತ್ತರ ಬರೆಯಿರಿ, ಮಕ್ಕಳದ್ದು ತಪ್ಪಿಲ್ಲ. ಮತ್ತೆ ಮತ್ತೆ ಮಹಡಿ ಹತ್ತಿ ಕೇಬಲನ್ನೂ ಹಾಕಿಸಿದೆ. ಹಾಕಿದವನು ಮೊನ್ನೆ ಸಂಜೆ ಬಂದು ಹೋದ. ನಿಮಗೆ ಹೇಳಿರಲಿಲ್ಲ. ನಿನ್ನೆಯ ಪಾಠ ನಿಜವಾಗಿಯೂ ನೀವೇ.

ಚಿತ್ರ ಏನೂ ಚೆನ್ನಾಗಿರಲಿಲ್ಲ. ನಿಮ್ಮ ಬಾಯಿ ಮುಂದೆ, ಮಾತು ಹಿಂದೆ. ಆಗಾಗ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. "ಮೇಡಂ, ಹಳೇ ಸರ್ರೇ ಚೆನ್ನಾಗಿದ್ರು, ನಿಲ್ತಿರಲಿಲ್ಲ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಹಳೆಯವರಿಗಿಂತ ನೀವು ಇಳಿದಿದ್ದೀರಿ. ಕಣ್ಣಿನ ಕೆಳಗೆ ಕಪ್ಪಾಗಿದೆ. ನಿದ್ದೆ ಮಾಡುತ್ತಿಲ್ಲವೇ?

ಬಲಮೂಲೆಯಲ್ಲಿ ಕಲ್ಲು ಇತ್ತು. ಬಿಳಿ ಪಟ್ಟಿಯನ್ನು ಈ ಕಡೆಗೆ ತಿರುಗಿಸಿ ಇಟ್ಟಿದ್ದಿರಿ. ಎಡಗೈ ಜೇಬಿನಲ್ಲಿತ್ತು. ಪಾಠ ಮುಗಿದ ಮೇಲೆ ಮಕ್ಕಳು ಎದ್ದು ಹೋಗುವ ಸದ್ದಿನ ನಡುವೆ ನೀವು ಹೋಗಲಿಲ್ಲ. ಕಲ್ಲನ್ನು ಕೈಗೆ ತೆಗೆದುಕೊಂಡು, ಪಟ್ಟಿಯ ಮೇಲಿನ ಚಾಕ್‌ಪೀಸ್ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿ, ಕ್ಯಾಮೆರಾದ ಕಡೆ ಸುಮ್ಮನೆ ನೋಡುತ್ತ ನಿಂತಿರಿ. ನಮ್ಮ ಕಡೆಯ ಕ್ಯಾಮೆರಾ ಇನ್ನೂ ಜೋಡಿಸಿಲ್ಲ, ನಿಮಗೆ ಕಾಣುತ್ತಿದ್ದದ್ದು ಆಗಲೂ ಬರೀ ನೀಲಿ. ಇಷ್ಟು ವಾರವೂ ಹೀಗೇ ನಿಂತಿದ್ದಿರಾ? ನಾನು ಎದ್ದು ಗೋಡೆಯ ಹತ್ತಿರ ಹೋದೆ. ಪ್ರೊಜೆಕ್ಟರಿನ ಬೆಳಕು ನನ್ನ ಮೇಲೆ ಬಿದ್ದು ನಿಮ್ಮ ಕಂದು ಸ್ವೆಟರಿನ ಮೇಲೆಲ್ಲ ನೀವೇ ಆದಿರಿ.

ಹೊಸ ಉಂಗುರ ಬೇಡ. ದುಡ್ಡು ದಂಡ, ಬೆರಳು ದಪ್ಪ ಆಗುವುದಿಲ್ಲ.

ಒಂದೇ ಒಂದು ಮಾತು. ನೀವು ಹಾಗೆ ನಿಂತಿದ್ದಾಗ ಮುಂದಿನ ಸಾಲಿನ ಕಡೆಯಿಂದ ಯಾರೋ ನಕ್ಕರು. ಹುಡುಗಿ. ಚೆನ್ನಾಗಿ ಕೇಳಿಸಿತು, ನನ್ನಂಥದ್ದಲ್ಲ, ಇಂಪಾದ ನಗು. ನೀವು ತಿರುಗಲಿಲ್ಲ, ಕಣ್ಣೂ ಅಲ್ಲಾಡಲಿಲ್ಲ. ನನ್ನ ಎದೆ ತುಂಬಿ ಬಂತು. ಆಮೇಲೆ ನೋಡಿದರೆ ಕೈಯಲ್ಲಿದ್ದ ಕಲ್ಲೂ ಅಲ್ಲಾಡುತ್ತಿರಲಿಲ್ಲ. ಚಿತ್ರ ನಿಂತುಹೋಗಿತ್ತು.

ಮುಂದಿನ ಸಾಲಿನಲ್ಲಿ ಮೂವರೂ ಹುಡುಗರೇ ಎಂದಿದ್ದಿರಲ್ಲ? ಬರೆಯಿರಿ.

ನಿಮ್ಮ,
ಗಿಲಕಿ